ತಳ ಕಾಣುವ ನೀರು

ನನ್ನ ಭಾವ ನೀರನ್ನು ಮೊದಲು ನೋಡುತ್ತಾರೆ, ಆಮೇಲೆ ಕುಡಿಯುತ್ತಾರೆ. ಲೋಟ ಗಾಜಿನದೇ ಆಗಬೇಕು. ಅದರ ಬುಡವನ್ನು ಎರಡು ಬೆರಳಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಒಳಗೆ ಏನೂ ತೇಲುತ್ತಿಲ್ಲವೆಂದು ಖಾತ್ರಿಯಾದ ಮೇಲೂ ಇನ್ನೊಂದು ಸುತ್ತು ತಿರುಗಿಸಿ, ಕಡೆಗೆ ಆ ನೀರಿಗೇ ಉಪಕಾರ ಮಾಡುವವರಂತೆ ಒಂದೊಂದೇ ಗುಟುಕು ಕುಡಿಯುತ್ತಾರೆ. ಬಾಯಾರಿ ಬಂದವರು ಅವರ ಎದುರು ಕೂತು ಗಟಗಟನೆ ನೀರು ಕುಡಿಯುವಂತಿಲ್ಲ. ಕುಡಿದರೆ ತಾವೇನೋ ಅಪರಾಧ ಮಾಡಿದಂತೆ ಅನ್ನಿಸುತ್ತದೆ. ಅಕ್ಕನ ಮದುವೆಯಾದ ಹೊಸತರಲ್ಲಿ ನಾನು ಇದನ್ನು ಜಂಬ ಎಂದುಕೊಂಡಿದ್ದೆ. ಜಂಬವಲ್ಲ, ಭಯ ಎಂದು ತಿಳಿಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಮಾತಿನಲ್ಲೂ ಅವರದು ಇದೇ ರೀತಿ. ಎದುರಿನವರು ಏನೇ ಹೇಳಲಿ, ಭಾವ ತಲೆಯಾಡಿಸಿ "ಸರಿ" ಎನ್ನುತ್ತಾರೆ. ಆ ಸರಿಯನ್ನು ನಂಬಿ ಎದ್ದು ಹೊರಟವರು ಬಾಗಿಲು ದಾಟುವುದರೊಳಗೆ "ಆದರೆ..." ಎಂಬುದು ಹಿಂದಿನಿಂದ ಬಂದು ಅಂಗಿ ಹಿಡಿದು ಜಗ್ಗುತ್ತದೆ. ಸೋಮವಾರ ಹೋಗೋಣವೇ ಎಂದರೆ ಸರಿ, ಆದರೆ ಮಳೆ ಬಂದರೆ? ಮಂಗಳವಾರ ಎಂದರೆ ಸರಿ, ಆದರೆ ಸೋಮವಾರವೇ ವಾಸಿಯಿತ್ತೇನೋ. ನನ್ನ ಮಕ್ಕಳು ಅವರನ್ನು ದೊಡ್ಡಪ್ಪ ಎನ್ನಬೇಕು. ಎದುರಿಗೆ ಹಾಗೆಯೇ ಅನ್ನುತ್ತಾರೆ, ಬೆನ್ನ ಹಿಂದೆ 'ಆದರಪ್ಪ' ಎನ್ನುತ್ತಾರೆ. ಒಮ್ಮೆ ಚಿಕ್ಕವಳು ಬಾಯಿತಪ್ಪಿ ಎದುರಿಗೇ ಅಂದುಬಿಟ್ಟಳು. ಭಾವ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹೆಸರೇನೋ ಸರಿಯಾಗಿದೆ, ಆದರೆ..." ಎಂದು ನಿಲ್ಲಿಸಿದರು. ಅಂದು ಅಕ್ಕ ನಕ್ಕ ನಗು ಪಕ್ಕದ ಮನೆಗೂ ಕೇಳಿಸಿರಬೇಕು.

ಅವರ ಕಸುಬು ಕನ್ನಡಕದ ಗಾಜು ಉಜ್ಜುವುದು. ಇಕ್ಕಟ್ಟಾದ ಓಣಿಯೊಂದರ ಮಹಡಿಯ ಮೇಲೆ ಅವರ ಕೋಣೆ. ಕಿಟಕಿಗಳಿಗೆ ಒದ್ದೆ ಬಟ್ಟೆಯ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಕಟ್ಟಪ್ಪಣೆ. ಒರಟಾದ ಪುಡಿಯಿಂದ ಉಜ್ಜಿ ಗಾಜಿಗೆ ಆಕಾರ ಕೊಡಬೇಕು, ಆಮೇಲೆ ಸಣ್ಣ ಪುಡಿ, ಆಮೇಲೆ ಇನ್ನೂ ನಯವಾದದ್ದು, ಕಟ್ಟಕಡೆಗೆ ಹೊಳಪು. ಒಂದು ಪುಡಿ ಬಿಟ್ಟು ಇನ್ನೊಂದನ್ನು ಮುಟ್ಟುವ ಮೊದಲು ಕೈ, ಉಗುರಿನ ಸಂದು, ಮೇಜು, ಬಟ್ಟೆ ಎಲ್ಲವನ್ನೂ ತೊಳೆಯಬೇಕು, ಏಕೆಂದರೆ ಒರಟು ಪುಡಿಯ ಒಂದೇ ಒಂದು ಕಣ ನಯವಾದದ್ದರಲ್ಲಿ ಸೇರಿಕೊಂಡರೆ ಅಷ್ಟು ದಿನದ ಕೆಲಸದ ಮೇಲೆ ಒಂದು ಗೀರು ಬಿದ್ದು ಗಾಜು ಕಸದ ಬುಟ್ಟಿಗೆ ಹೋಗುತ್ತದೆ. ಆ ಪುಡಿಯನ್ನು ಬೇರ್ಪಡಿಸುವುದೂ ನೀರಿನಲ್ಲಿಯೇ. ಪಾತ್ರೆಯಲ್ಲಿ ಕದಡಿ ಬಿಟ್ಟರೆ ದಪ್ಪ ಕಣ ಬೇಗ ತಳ ಸೇರುತ್ತದೆ, ನಯವಾದದ್ದು ತೇಲುತ್ತಿರುತ್ತದೆ. ಹೆಚ್ಚು ಕಾದಷ್ಟೂ ನೀರಿನಲ್ಲಿ ಉಳಿಯುವುದು ಹೆಚ್ಚು ನಯವಾದದ್ದು. ಕಾದವನಿಗೆ ಶುದ್ಧವಾದದ್ದು ಸಿಗುತ್ತದೆ ಎಂಬುದು ಭಾವ ಯಾವ ಗುರುವಿನಿಂದಲೂ ಕಲಿತದ್ದಲ್ಲ, ಆ ಪಾತ್ರೆಯ ಮುಂದೆ ಜೀವಮಾನವಿಡೀ ಕೂತು ಕಲಿತದ್ದು.

ಅವರ ನಡಿಗೆಯೂ ಆ ಕೋಣೆಯದೇ. ಧೂಳು ಏಳಬಾರದೆಂದು ಪಾದವನ್ನು ಇಡಿಯಾಗಿ ಊರಿ, ಇಡಿಯಾಗಿ ಎತ್ತಿ, ತುಂಬಿದ ಕೊಡ ಹೊತ್ತವರಂತೆ ಮೈ ಅಲುಗದೆ ನಡೆಯುತ್ತಾರೆ. ಬೀದಿಯಲ್ಲೂ ಹಾಗೆಯೇ, ಬಸ್ಸು ಹೊರಟುಹೋಗುತ್ತಿದ್ದರೂ ಹಾಗೆಯೇ. ಮೈಮೇಲೆ ಸದಾ ಒಂದು ಬೂದು ಬಣ್ಣದ ಉದ್ದನೆಯ ಕೋಟು, ನೂಲು ಉದುರದ ಬಟ್ಟೆಯದು. ಒಮ್ಮೆ ನನಗೊಂದು ಕನ್ನಡಕ ಮಾಡಿಕೊಡುತ್ತೇನೆಂದು ಒಪ್ಪಿಕೊಂಡರು. ಬೇಸಗೆ ಕಳೆಯಿತು, ಮಳೆಗಾಲ ಕಳೆಯಿತು. ನಾನು ಒಡೆದ ಹಳೆಯ ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಬೀದಿಯಲ್ಲಿ ಗುರುತಿಲ್ಲದವರಿಗೆಲ್ಲ ನಗು ತೋರಿಸುತ್ತ, ಗುರುತಿದ್ದವರನ್ನು ಕಡೆಗಣಿಸುತ್ತ, ಅರ್ಧ ಊರನ್ನು ಎದುರು ಹಾಕಿಕೊಂಡೆ. ಕೊನೆಗೆ ಕೈಗೆ ಬಂದ ಕನ್ನಡಕ ಎಂಥದ್ದು ಎನ್ನುತ್ತೀರಿ! ಅಂಥ ಗಾಜನ್ನು ನಾನು ಮತ್ತೆ ಕಂಡಿಲ್ಲ. ಅಷ್ಟರಲ್ಲಿ ನನ್ನ ಕಣ್ಣು ಮಾತ್ರ ಇನ್ನಷ್ಟು ಕೆಟ್ಟು, ಅದು ನನಗೆ ಹೊಂದದೆ ಹೋಯಿತು. ಆಗ ನಾವೆಲ್ಲ ಇದನ್ನು ನಗುವ ಕತೆಯಾಗಿಯೇ ಹೇಳುತ್ತಿದ್ದೆವು.

ಅಕ್ಕ ಅವರಿಗೆ ತದ್ವಿರುದ್ಧ. ಅಂಚೆ ಹಂಚುವವಳು. ಹೆಗಲಿಗೆ ಚೀಲ ಹಾಕಿಕೊಂಡು ಬೆಳಿಗ್ಗೆ ಹೊರಟರೆ ಎದ್ದೆನೋ ಬಿದ್ದೆನೋ ಎಂದು ಬೀದಿ ಬೀದಿ ಸುತ್ತಿ, ಕಂಡ ಬಾಗಿಲಲ್ಲೆಲ್ಲ ಎರಡು ಮಾತಾಡಿ, ಅವರಿವರ ಮನೆಯ ನಾಯಿಗಳ ತಲೆ ಸವರಿ, ಕೊಟ್ಟ ನೀರನ್ನು ಯಾವ ಪಾತ್ರೆಯಲ್ಲಿದೆ ಎಂದೂ ನೋಡದೆ ಕುಡಿದು ಬರುವವಳು. ಅಂಥವಳಿಗೆ ಸ್ನಾಯು ಸೊರಗುವ ಕಾಯಿಲೆ ಬಂತು. ಮೊದಲು ಮೆಟ್ಟಿಲ ಮೇಲೆ ಎಡವಿದಳು, ಆಮೇಲೆ ಸಮ ನೆಲದ ಮೇಲೆ ಎಡವಿದಳು, ಆಮೇಲೆ ಚೀಲವನ್ನು ಕಚೇರಿಗೆ ಒಪ್ಪಿಸಿ ಮನೆಗೆ ಬಂದು ಕೂತಳು. ಡಾಕ್ಟರಮ್ಮ ಮರೆಮಾಚುವವರಲ್ಲ. "ಇದು ಗುಣ ಆಗೋ ಕಾಯಿಲೆ ಅಲ್ಲ. ಆದ್ರೆ ನಡೆಯೋ ದಿನಗಳನ್ನ ಉದ್ದ ಮಾಡ್ಬಹುದು. ನೀರಲ್ಲಿ ಮೈಭಾರ ಗೊತ್ತಾಗಲ್ಲ, ಎದೆಮಟ್ಟದ ನೀರಲ್ಲಿ ದಿನಾ ನಡೆಸಿ. ಕಾಲು ಮಾತು ಕೇಳೋ ತನಕ ನಡೆಸಿ" ಎಂದರು. ನಾವು ಎದ್ದ ಮೇಲೆ ಇನ್ನೊಂದು ಮಾತು ಸೇರಿಸಿದರು: "ಎದೆಗೆ ಸೋಂಕು ಮಾತ್ರ ತಗಲಬಾರದು, ನೋಡ್ಕೊಳ್ಳಿ." ನನ್ನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು, ಭಾವನ ಕಿವಿಗೆ ಬಿದ್ದದ್ದು ಕೊನೆಯದು.

ಆಸ್ಪತ್ರೆಯಲ್ಲೇ ಒಂದು ಈಜುಕೊಳವಿತ್ತು. ಅಲ್ಲಿಗೆ ಹೋದ ಮೊದಲ ದಿನವೇ ಅಕ್ಕ ಕಂಬಿ ಬಿಟ್ಟು ತಾನಾಗಿ ನಡೆದಳು. ಹೊರಗೆ ಬಂದು, ಒದ್ದೆ ಕೂದಲಿನಲ್ಲೇ ನನ್ನ ಕೈ ಹಿಡಿದು, "ನಡೆದೆ ಕಣೇ, ನಾನೇ ನಡೆದೆ" ಎಂದು ಮದುಮಗಳ ಹಾಗೆ ಕೆಂಪಾದಳು. ಆ ಸುಖ ಹೆಚ್ಚು ದಿನ ಬಾಳಲಿಲ್ಲ. ಭಾವ ಒಂದು ದಿನ ನೀರಿನ ಮೇಲೆ ಯಾರದೋ ಗಾಯದ ಪಟ್ಟಿ ತೇಲುತ್ತಿರುವುದನ್ನು ಕಂಡರು. ಅದನ್ನು ಅವರು ವಿವರಿಸುತ್ತಿದ್ದ ರೀತಿ ಕೇಳಿದರೆ ಹೆಣ ತೇಲುತ್ತಿತ್ತು ಎಂದುಕೊಳ್ಳಬೇಕು. ಅಂದೇ ಅಕ್ಕನನ್ನು ಮನೆಗೆ ಕರೆತಂದರು; ಮತ್ತೆ ಆ ಕೊಳಕ್ಕೆ ಕಳಿಸಲಿಲ್ಲ.

ಬದಲಿಗೆ ಮನೆಯ ಹಿಂದೆ ತಾವೇ ಒಂದು ಕೊಳ ಕಟ್ಟಿಸಿದರು. ಇಲ್ಲಿ ನಾನು ಅವರಿಗೆ ನ್ಯಾಯ ಸಲ್ಲಿಸಬೇಕು: ಕಟ್ಟಿಸುವಾಗ ಒಂದು ಸಲವೂ 'ಆದರೆ' ಎನ್ನಲಿಲ್ಲ. ಮೇಸ್ತ್ರಿಯ ಜೊತೆ ತಾವೂ ಕೋಟು ಬಿಚ್ಚಿಟ್ಟು ಕಲ್ಲು ಹೊತ್ತರು, ಟೈಲ್ಸ್ ಕೂರಿಸಿದರು. ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲ, ಅಕ್ಕನ ಎದೆಯ ಮಟ್ಟ ಆಳ, ಮುಂದೆ ಗಾಲಿಕುರ್ಚಿ ಬೇಕಾದರೆ ಇಳಿಸುವುದಕ್ಕೆ ಇಳಿಜಾರು, ಉದ್ದಕ್ಕೂ ಹಿಡಿದುಕೊಳ್ಳಲು ಕಂಬಿ, ಕಂಬಿಗೆ ಅಲ್ಲಲ್ಲಿ ಗೂಟ. ಬೇಸಗೆ ಮುಗಿಯುವುದರೊಳಗೆ ಕೊಳ ಸಿದ್ಧವಾಯಿತು. ಸೋರುತ್ತದೋ ಇಲ್ಲವೋ ನೋಡಲು ಮೇಸ್ತ್ರಿ ಅದಕ್ಕೆ ನೀರು ತುಂಬಿಸಿ ಹೋದ. ಇನ್ನು ಉಳಿದದ್ದು ಫಿಲ್ಟರ್ ಒಂದೇ. ಕೊಳದ ನೀರನ್ನು ಸೋಸಿ ಮತ್ತೆ ಕೊಳಕ್ಕೇ ಬಿಡುವ ಆ ಯಂತ್ರವನ್ನು ಆರಿಸಲು ಅಕ್ಕನೂ ನಾನೂ ಭಾವನ ಜೊತೆ ಅಂಗಡಿಗೆ ಹೋದೆವು. ಅಕ್ಕ ಆಗ ಕೋಲೂರಿ ನಡೆಯುತ್ತಿದ್ದಳು.

ಅಂಗಡಿಯಾಕೆ ಬಾಯಿ ಜೋರಿನ ಹೆಂಗಸು, ಮಾತಿನ ನಡುವೆ ಗಿರಾಕಿಗಳನ್ನೂ ಫೋನನ್ನೂ ಒಟ್ಟಿಗೆ ಸಂಭಾಳಿಸುವವಳು. "ಮೂರೇ ಥರ ಇರೋದು ಸರ್" ಎಂದು ಶುರುಮಾಡಿದಳು. ಒಂದು, ಡ್ರಮ್ಮಿನ ತುಂಬ ಮರಳು. ನೀರು ಮೇಲಿಂದ ಇಳಿದು ಸೋಸಿಕೊಂಡು ಹೋಗುತ್ತದೆ, ಆಗಾಗ ನೀರನ್ನು ಉಲ್ಟಾ ಹರಿಸಿದರೆ ಕೊಳೆ ಹೊರಗೆ ಬರುತ್ತದೆ. "ತೀರಾ ಸಣ್ಣದು ಸ್ವಲ್ಪ ದಾಟುತ್ತೆ. ಕೊಳೆ ಒಂಚೂರು ಕೂತ್ಮೇಲೆ ಇನ್ನೂ ಚೆನ್ನಾಗಿ ಸೋಸುತ್ತೆ."

"ಕೊಳೆ ಕೂತ್ಮೇಲಾ?" ಎಂದರು ಭಾವ.

"ಹೂಂ ಸರ್. ಕೊಳೆನೇ ಕೊಳೆ ಹಿಡಿಯುತ್ತೆ."

ಭಾವನ ಮುಖ ನೋಡುವಂತಿರಲಿಲ್ಲ. ಎರಡನೆಯದು ಮಡಿಕೆ ಮಡಿಕೆಯಾದ ಬಟ್ಟೆಯ ಉರುಳೆ, ಕಾರ್ಟ್ರಿಜ್. ಮರಳಿಗಿಂತ ಸಣ್ಣದನ್ನು ಹಿಡಿಯುತ್ತದೆ, ಆದರೆ ಅದನ್ನು ಕೈಯಾರೆ ಬಿಚ್ಚಿ ಪೈಪಿನ ನೀರಲ್ಲಿ ತೊಳೆಯಬೇಕು. "ಸರಿ, ಆದರೆ ತೊಳೆಯೋ ನೀರಲ್ಲಿ ಕೊಳೆ ಇದ್ದರೆ?" ಮೂರನೆಯದು ಹಿಟ್ಟಿನಂಥ ಬಿಳಿಯ ಪುಡಿ ಬಳಿದ ಜಾಲರಿ, ಅದಕ್ಕಿಂತ ನಯವಾಗಿ ಸೋಸುವುದು ಇನ್ನೊಂದಿಲ್ಲ. ಪುಡಿ ಎಂದೊಡನೆ ಭಾವನ ಕಣ್ಣು ಅರಳಿತು. ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಒಣಪುಡಿ ಎದೆಗೆ ಒಳ್ಳೆಯದಲ್ಲ ಎಂದು ಆಕೆ ಹೇಳಿದ ಕೂಡಲೇ ಮತ್ತೆ ಮುಚ್ಚಿತು. ಕ್ರಿಮಿಗಳ ಮಾತು ಬಂದಾಗ, "ಅವನ್ನ ಸಾಯ್ಸೋಕೆ ಕ್ಲೋರಿನ್ ಇದೆಯಲ್ಲ ಸರ್, ಫಿಲ್ಟರ್ ಇರೋದು ಕೊಳೆಗೆ" ಎಂದಳು. ಭಾವ ಬಹಳ ಗಂಭೀರವಾಗಿ ಕೇಳಿದರು: "ಸತ್ತ ಕ್ರಿಮಿ ಎಲ್ಲಿಗೆ ಹೋಗುತ್ತೆ?" ಆಕೆ ಫೋನನ್ನು ಕೆಳಗಿಟ್ಟು ಅವರನ್ನೇ ನೋಡಿದಳು. "ಸರ್, ನಿಮ್ದು ಚಿಕ್ಕ ಕೊಳ. ಮೂರ್ರಲ್ಲಿ ಯಾವ್ದಾದ್ರೂ ಆಗುತ್ತೆ. ನೀರು ದಿನಾ ಓಡ್ತಿರ್ಬೇಕು ಅಷ್ಟೆ. ನಿಂತ್ರೆ ಕೆಡುತ್ತೆ." ನಾವು ಬರಿಗೈಯಲ್ಲಿ ಮನೆಗೆ ಬಂದೆವು.

ಅಂದಿನಿಂದ ಭಾವ ಅಂಡು ಸುಟ್ಟ ಬೆಕ್ಕಿನ ಹಾಗೆ ತಿರುಗಿದರು. ಕೊಳವಿದ್ದ ಮನೆಗಳನ್ನೆಲ್ಲ ಹುಡುಕಿಕೊಂಡು ಹೋಗಿ ನೀರು ಕೇಳಿ ತಂದರು. ಕೋಟಿನ ಒಳಗೆ ಸಾಲಾಗಿ ಕಿಸೆ ಹೊಲಿಸಿ, ಅವುಗಳಲ್ಲಿ ಗಾಜಿನ ಪುಟ್ಟ ಸೀಸೆಗಳನ್ನು ಇಟ್ಟುಕೊಂಡರು. ಅವರು ಬರುವುದು ಕಾಣುವ ಮೊದಲೇ ಕಿಣಿಕಿಣಿ ಕೇಳಿಸುತ್ತಿತ್ತು. ಅಡುಗೆಮನೆಯ ಕಿಟಕಿಯ ಕಟ್ಟೆಯಲ್ಲಿ ಉಪ್ಪು ಸಕ್ಕರೆಯ ಡಬ್ಬಿಗಳಿಗೆ ಜಾಗವಿಲ್ಲದಂತೆ ಸೀಸೆಗಳು ಕೂತವು: ಮರಳಿನಲ್ಲಿ ಸೋಸಿದ್ದು, ಬಟ್ಟೆಯಲ್ಲಿ ಸೋಸಿದ್ದು, ಪುಡಿಯಲ್ಲಿ ಸೋಸಿದ್ದು. ಭಾವ ಅವುಗಳ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಹಿಡಿದು, ತಳಕ್ಕೆ ಏನು ಇಳಿಯುತ್ತದೆ ಎಂದು ಕಾಯುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾನು ಕಂಡಿದ್ದೇನೆ. ನೀರಲ್ಲಿ ಕಲ್ಲು ಹುಡುಕಿ, ಅದು ಸಿಕ್ಕಿತೆಂದು ತೋರಿಸಿ, ಸಿಕ್ಕಿದ್ದಕ್ಕೆ ತಾವೇ ಕಂಗೆಟ್ಟವರನ್ನು ಕಂಡದ್ದು ಅಲ್ಲಿಯೇ. ಅವರು ಹೀಗೆ ಮೀನಮೇಷ ಎಣಿಸುತ್ತಿರುವಾಗ ಅಕ್ಕನ ಕೈಯಿಂದ ಕೋಲು ಹೋಗಿ ನಾಲ್ಕು ಕಾಲಿನ ಊರುಗೋಲು ಬಂತು. "ನಿಮ್ಮ ನೀರಿಗೆ ನನಗಿಂತ ಆರೈಕೆ ಚೆನ್ನಾಗಿ ನಡೀತಿದೆ ರೀ" ಎಂದು ಅವಳು ಛೇಡಿಸಿದರೆ ಭಾವ ನಗುತ್ತಿರಲಿಲ್ಲ. ಅವರ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ಅಕ್ಕ ಕಾಲೆಳೆಯುವ ಸದ್ದು ಪಡಸಾಲೆಯಲ್ಲಿ ಬದಲಾದದ್ದನ್ನು ನನಗೆ ಮೊದಲು ಹೇಳಿದವರು ಅವರೇ.

ಮಳೆಗಾಲ ಬಂತು. ಭಾವ ಪಕ್ಕದ ಊರಿನ ಫಿಲ್ಟರ್ ಕಾರ್ಖಾನೆಯನ್ನು ಕಣ್ಣಾರೆ ನೋಡಿ ಬರುತ್ತೇನೆಂದು ಹೋಗಿದ್ದರು. ಅಕ್ಕನ ಜೊತೆಗೆ ನಾನಿದ್ದೆ. ಮಧ್ಯಾಹ್ನ ಮಳೆ ನಿಂತು ಬಿಸಿಲು ಬಂದಿತ್ತು. ಮೇಸ್ತ್ರಿ ತುಂಬಿಸಿದ ನೀರಿಗೆ ಮಳೆನೀರು ಸೇರಿ ಕೊಳ ಅಂಚಿನವರೆಗೆ ತುಂಬಿ, ಹಸಿರಾಗಿ, ಎಲೆ ಕಡ್ಡಿಗಳನ್ನು ಹೊತ್ತು ನಿಂತಿತ್ತು. ಒಂದು ಕಪ್ಪೆ ಇಳಿಜಾರಿನ ಮೇಲೆ ಯಜಮಾನನ ಹಾಗೆ ಕೂತಿತ್ತು. ಅಕ್ಕ ಕಿಟಕಿಯಿಂದ ಅದನ್ನೇ ನೋಡುತ್ತ ಕೂತಿದ್ದಳು.

"ನನ್ನನ್ನ ಇಳಿಸೇ" ಎಂದಳು.

"ಆ ನೀರಿಗಾ? ಡಾಕ್ಟರಮ್ಮ ಏನಂದಿದ್ದಾರೆ ಮರೆತ್ಯಾ?"

"ಮರೆತಿಲ್ಲ ಕಣೇ. ಕಾಲು ಮಾತು ಕೇಳೋ ತನಕ ಅಂದಿದ್ದಾರೆ. ಇವತ್ತು ಕೇಳ್ತಿದೆ. ನಾಳೆ ಕೇಳುತ್ತೋ ಇಲ್ವೋ, ನನ್ನ ಕಾಲು, ನಂಗೆ ಗೊತ್ತು."

ನಾನು ಮೀನಮೇಷ ಎಣಿಸುವವಳಲ್ಲ. ಇಬ್ಬರೂ ಉಟ್ಟ ಬಟ್ಟೆಯಲ್ಲೇ ಇಳಿದೆವು. ನೀರು ಸೊಂಟ ದಾಟಿ ಎದೆಗೆ ಬಂದಾಗ ಅಕ್ಕನ ಮೈ ಹಗುರಾದದ್ದು ನನ್ನ ತೋಳಿಗೆ ಗೊತ್ತಾಯಿತು. ಕಂಬಿ ಹಿಡಿದು ಒಂದು ಹೆಜ್ಜೆ ಇಟ್ಟಳು, ಇನ್ನೊಂದಿಟ್ಟಳು, ಆಮೇಲೆ ನನ್ನ ಕೈಯನ್ನು ತಳ್ಳಿದಳು. ಎಲೆಗಳನ್ನು ಸರಿಸುತ್ತ, ಕಂಬಿಯ ಪ್ರತಿ ಗೂಟದ ಬಳಿ ನಿಂತು ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿದು, "ಪೋಸ್ಟ್!" ಎಂದು ಕೂಗಿದಳು. ಮುಂದಿನ ಗೂಟ, ಮತ್ತೆ "ಪೋಸ್ಟ್!" ಒಂದು ಗೂಟದ ಹತ್ತಿರ ನಿಂತು, "ಏನಮ್ಮಾ, ಮಗಳ ಕಾಗದ ಬಂದಿದೆ, ಸಿಹಿ ಕೊಡಿ" ಎಂದಳು. ಆ ತುದಿ ಮುಟ್ಟಿ ತಿರುಗಿ ಬರುವಾಗ ಅವಳ ತಲೆಯ ಮೇಲೊಂದು ಹಳದಿ ಎಲೆ ಅಂಟಿಕೊಂಡಿತ್ತು. ಅಷ್ಟು ಚೆಂದದ ಮುಖವನ್ನು ನಾನು ಈ ಬದುಕಿನಲ್ಲಿ ಇನ್ನೊಮ್ಮೆ ನೋಡುವುದಿಲ್ಲ.

ಕಿಣಿಕಿಣಿ ಕೇಳಿಸಿತು. ಭಾವ ಕೊಳದ ಅಂಚಿನಲ್ಲಿ ನಿಂತಿದ್ದರು. ಷೂ, ಕೋಟು, ಸೀಸೆಗಳ ಸಮೇತ ನೀರಿಗೆ ಇಳಿದರು. ಜೊತೆಗೆ ನಡೆಯಲು ಬಂದರೆಂದೇ ನಾನು ತಿಳಿದೆ. ಅಕ್ಕನೂ ಹಾಗೇ ತಿಳಿದು ಕೈ ಚಾಚಿದಳು. ಅವರು ಅವಳನ್ನು ಎತ್ತಿಕೊಂಡರು. "ಇನ್ನೊಂದು ಸುತ್ತು ರೀ, ಒಂದೇ ಒಂದು" ಎಂದು ಅವಳು ಅವರ ಕೋಟಿನ ಕಾಲರು ಹಿಡಿದು ಬೇಡಿದಳು. "ಇನ್ನು ಸ್ವಲ್ಪ ದಿನ. ಒಳ್ಳೆ ನೀರು ಬರಲಿ, ದಿನಾ ನಡೀವಂತೆ" ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತ ಒಳಗೆ ಒಯ್ದರು. ಬಿಸಿನೀರಿನಲ್ಲಿ ಅವಳ ಕಾಲ್ಬೆರಳ ಸಂದು, ಉಗುರು, ಕಿವಿಯ ಹಿಂದೆಲ್ಲ ಸೋಪು ಹಚ್ಚಿ ತೊಳೆದರು. ಆಮೇಲೆ ಹಿತ್ತಿಲಿಗೆ ಹೋಗಿ ಕೊಳದ ತಳದ ಬಿರಟೆ ಕಿತ್ತರು. ನೀರು ಬಸಿದುಹೋಗುವ ಸದ್ದು ಸಂಜೆಯವರೆಗೂ ಮನೆಯೊಳಗೆ ಕೇಳಿಸುತ್ತಲೇ ಇತ್ತು.

ಅಂದು ನಾನು ಅವರ ಮೇಲೆ ಹರಿಹಾಯ್ದೆ. "ಅವಳಿಗೆ ದಿನ ಎಲ್ಲಿದೆ ಭಾವ? ಯಾವುದೋ ಒಂದು ತಂದು ಹಾಕಿ!"

ಭಾವ ಒದ್ದೆ ಕೋಟಿನಲ್ಲಿ ನಿಂತು ನೆಲ ನೋಡುತ್ತಿದ್ದರು. "ಕಾಯಿಲೆಯಿಂದ ಅವಳಿಗೇನಾದ್ರೂ ಆದ್ರೆ ಅದು ಕಾಯಿಲೆ ಮಾಡಿದ್ದು. ನಾನು ತಂದು ಹಾಕಿದ ನೀರಿಂದ ಆದ್ರೆ, ಅದು ನಾನೇ ಮಾಡಿದ್ದು. ಆಮೇಲೆ ನಾನು ಹೇಗಮ್ಮ ಬದುಕಿರಲಿ?" ಎಂದರು.

ಆ ಹಸಿರು ನೀರಿನಿಂದ ಅಕ್ಕನಿಗೆ ಏನೂ ಆಗಲಿಲ್ಲ. ಭಾವ ಮಾತ್ರ ಅಂಜಿಕೆಯಲ್ಲಿ ಕಡೆಗೊಂದು ನಿರ್ಧಾರಕ್ಕೆ ಬಂದರು, ಗಾಜು ಉಜ್ಜುವವರೊಬ್ಬರೇ ಬರಬಹುದಾದ ನಿರ್ಧಾರ: ಮೊದಲು ಮರಳು, ಆಮೇಲೆ ಬಟ್ಟೆ, ಕಡೆಗೆ ಪುಡಿ, ಮೂರನ್ನೂ ಒಂದರ ಹಿಂದೊಂದು ಕೂರಿಸುವುದು. "ಪಂಪು ಉಸಿರುಗಟ್ಟಿ ಸಾಯುತ್ತೆ ಸರ್" ಎಂದು ಅಂಗಡಿಯಾಕೆ ತಲೆ ಚಚ್ಚಿಕೊಂಡಳು. ಹಾಗೆಯೇ ಆಯಿತು. ಮೂರನ್ನೂ ದಾಟುವ ಬಲ ಪಂಪಿಗೆ ಇಲ್ಲದೆ ನೀರು ತೊಟ್ಟಿಕ್ಕಿ, ಓಡಬೇಕಾದದ್ದು ನಿಂತು, ಕೊಳ ಮತ್ತೆ ಹಸಿರಾಯಿತು. ಭಾವ ಅದನ್ನು ಬಸಿದು ದೊಡ್ಡ ಪಂಪು ತಂದರು, ಪೈಪಿನ ಕೀಲುಗಳು ಬಿಟ್ಟವು, ಪೈಪು ಬದಲಾಯಿಸಿದರು. ಚಳಿಗಾಲ ಹೀಗೆ ಹೋಯಿತು. ಅಕ್ಕ ಗಾಲಿಕುರ್ಚಿಗೆ ಬಂದಳು, ಆಮೇಲೆ ಕುರ್ಚಿಯಲ್ಲಿ ಕತ್ತಿಗೊಂದು ಆಸರೆ ಬಂತು. ಅವಳ ಮಾತುಗಳು ಚಿಕ್ಕವಾದವು, ಏಕೆಂದರೆ ಉಸಿರು ಚಿಕ್ಕದಾಗಿತ್ತು.

ಮತ್ತೆ ಬಿಸಿಲು ಬಂದಾಗ ನೀರು ಸಿದ್ಧವಾಯಿತು. ಸುಳ್ಳು ಹೇಳಬಾರದು, ಅಂಥ ನೀರನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾವ ಕನ್ನಡಕದ ಒಂದು ಸಣ್ಣ ತಿರುಪನ್ನು ತಳಕ್ಕೆ ಹಾಕಿ, ಮೇಲೆ ನಿಂತು, ಅದರ ತಲೆಯ ಮೇಲಿನ ಸೀಳು ಎತ್ತ ತಿರುಗಿದೆ ಎಂದು ನನಗೆ ತೋರಿಸಿದರು. ಅದೇ ವಾರ ಡಾಕ್ಟರಮ್ಮ ಅಕ್ಕನನ್ನು ನೋಡಿ, ಇನ್ನು ನೀರು ಬೇಡ ಎಂದರು; ಎದೆಯ ಮೇಲೆ ಬೀಳುವ ನೀರಿನ ಒತ್ತಡವನ್ನು ತಡೆದು ಉಸಿರೆಳೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಭಾವ "ಸರಿ" ಎಂದರು. ಆ 'ಸರಿ'ಯ ಹಿಂದೆ ಬೇರೆ ಮಾತು ಬರಲಿಲ್ಲ.

ಆದರೂ ಅವಳನ್ನು ಕೊಳದ ಬಳಿ ಕೂರಿಸಿದೆವು. "ತಳ ಕಾಣುತ್ತೆ, ನೋಡು" ಎಂದರು ಭಾವ. ಅಕ್ಕ ನೋಡಿದಳು. "ಚೆನ್ನಾಗಿದೆ ರೀ" ಎಂದು, ಒಂದು ಉಸಿರು ತೆಗೆದುಕೊಂಡು, "ನೀವಾದ್ರೂ ಇಳೀರಿ. ನಾನು ನೋಡ್ತೀನಿ" ಎಂದಳು.

ಭಾವ ನೀರನ್ನು ನೋಡಿದರು, ತಮ್ಮ ಪಾದಗಳನ್ನು ನೋಡಿಕೊಂಡರು. "ಕಾಲು ತೊಳ್ಕೊಂಡು ಬರ್ತೀನಿ, ಇರು" ಎಂದು ಒಳಗೆ ಹೋದರು. ನಾವು ಕಾದೆವು. ಬಚ್ಚಲಿನಲ್ಲಿ ನಲ್ಲಿ ಸುರಿಯುತ್ತಿತ್ತು. ಬಿಸಿಲು ನೀರಿನ ಮೇಲಿಂದ ಗೋಡೆಗೆ ಹೋಯಿತು, ಗೋಡೆಯಿಂದ ಮೇಲಕ್ಕೆ ಹೋಯಿತು, ನಲ್ಲಿ ಸುರಿಯುತ್ತಲೇ ಇತ್ತು. "ಒಳಗೆ ಕರ್ಕೊಂಡ್ ಹೋಗೇ. ಚಳಿ" ಎಂದಳು ಅಕ್ಕ. ಅವಳನ್ನು ಮಲಗಿಸಿ ಬಚ್ಚಲಿಗೆ ಹೋಗಿ ನೋಡಿದರೆ ಭಾವ ಮಣೆಯ ಮೇಲೆ ಕೂತು, ಕೆಂಪಗೆ ಸುಲಿದುಹೋದ ಹಿಮ್ಮಡಿಗೆ ಮತ್ತೆ ಸೋಪು ಹಚ್ಚುತ್ತಿದ್ದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಪಂಪು ಈಗಲೂ ದಿನವೂ ಓಡುತ್ತದೆ. ಆ ತಿಳಿನೀರಿಗೆ ಇಂದಿನವರೆಗೆ ಯಾರೂ ಇಳಿದಿಲ್ಲ. ಭಾವನಂಥವರು ಲೋಕದಲ್ಲಿ ಕಡಿಮೆಯೇನಿಲ್ಲ. ಅವರನ್ನು ಹೇಡಿಗಳೆನ್ನಲಾರೆ, ಕಲ್ಲೆದೆಯವರೆಂದು ಅನ್ನುವುದಂತೂ ಪಾಪ. ಪ್ರೀತಿಸಿದವರಿಗೆ ತಮ್ಮ ಕೈಯಿಂದ ಕೇಡಾಗಬಾರದು ಎಂಬುದೊಂದೇ ಅವರ ವ್ರತ. ವಿಧಿ ಮಾಡುವ ಕೇಡನ್ನು ಅವರು ಹೇಗೋ ತಾಳಿಕೊಳ್ಳಬಲ್ಲರು, ತಾವು ಮಾಡಬಹುದಾದ ತಪ್ಪನ್ನು ನೆನೆಯಲಾರರು. ಅದರಿಂದಲೇ ಅವರು ತಮ್ಮವರನ್ನು ತಮ್ಮ ಕೈಯಿಂದ ಕಾಪಾಡಿ, ಕಾಪಾಡಿ, ಕಡೆಗೆ ವಿಧಿಯ ಕೈಗೆ ಅಚ್ಚುಕಟ್ಟಾಗಿ ಒಪ್ಪಿಸಿಬಿಡುತ್ತಾರೆ. ಅಕ್ಕ ಕಿಟಕಿಯ ಪಕ್ಕ ಮಲಗಿದ್ದಾಳೆ. ಕೈಕಾಲು ಯಾವುದೂ ಅವಳ ಮಾತು ಕೇಳುವುದಿಲ್ಲ. ಅವಳಿಗೆ ಇಂದಿನವರೆಗೆ ಒಂದು ನೆಗಡಿಯೂ ಬಂದಿಲ್ಲ.